ರಾತ್ರಿ ಪಾಳಿಯಲ್ಲಿ ಎಷ್ಟು ಜನ ನರ್ಸ್ ಇದ್ರು ಅಂತ ಯಾರೂ ಕೇಳಲ್ಲ

ಸಂಪಾದಕರಿಗೆ ನಮಸ್ಕಾರ,

ಸರ್ಕಾರಿ ಆಸ್ಪತ್ರೇಲಿ ರಾತ್ರಿ ಡ್ರಿಪ್ ಖಾಲಿಯಾಗಿ ಪೈಪಲ್ಲಿ ರಕ್ತ ವಾಪಸ್ ಬಂದ್ರೂ ನರ್ಸ್ ಬಂದು ನೋಡ್ಲಿಲ್ಲ, ಕರೆದ್ರೆ ಸಿಡುಕಿದ್ರು ಅನ್ನೋ ಥರದ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರ್ತಾನೇ ಇರುತ್ತೆ. ಎರಡು ದಿನ ಬಿಟ್ಟು ನರ್ಸಿಗೆ ನೋಟಿಸ್ ಕೊಟ್ರು ಅಂತ ಇನ್ನೊಂದು ಸಣ್ಣ ಸುದ್ದಿ, ಅಲ್ಲಿಗೆ ಮುಗೀತು. ಆ ರಾತ್ರಿ ಆ ವಾರ್ಡಲ್ಲಿ ಎಷ್ಟು ಪೇಷಂಟ್ ಇದ್ರು, ಎಷ್ಟು ನರ್ಸ್ ಇದ್ರು ಅನ್ನೋ ಎರಡು ಸಂಖ್ಯೆ ಮಾತ್ರ ಎಲ್ಲೂ ಇರಲ್ಲ. ನಾನು ಸರ್ಕಾರಿ ಆಸ್ಪತ್ರೇಲಿ ಸ್ಟಾಫ್ ನರ್ಸ್ ಆಗಿ ಸೇರಿ, ಆಮೇಲೆ ವಾರ್ಡ್ ಇನ್‌ಚಾರ್ಜ್ ಆಗಿ ವರ್ಷಗಟ್ಟಲೆ ಡ್ಯೂಟಿ ಲಿಸ್ಟ್ ಹಾಕಿ ರಿಟೈರ್ ಆದವಳು. ಸಿಡುಕಿದ್ದು ಸರಿ ಅಂತ ಹೇಳೋಕೆ ಬರೀತಾ ಇಲ್ಲ. ಆ ಡ್ಯೂಟಿ ಲಿಸ್ಟ್ ಅನ್ನೋ ಒಂದು ಹಾಳೆ ಹೇಗೆ ತಯಾರಾಗುತ್ತೆ ಅಂತ ಹೊರಗಿನವರಿಗೆ ಗೊತ್ತಾದ್ರೆ ಕೋಪ ಯಾರ ಮೇಲೆ ತಿರುಗಬೇಕೋ ಅವರ ಮೇಲೆ ತಿರುಗುತ್ತೆ ಅಂತ ಬರೀತಿದ್ದೀನಿ.

ಭಾರತೀಯ ನರ್ಸಿಂಗ್ ಕೌನ್ಸಿಲ್‌ದು ಒಂದು ನಿಯಮ ಇದೆ, ಮೆಡಿಕಲ್ ಕಾಲೇಜು ಆಸ್ಪತ್ರೆಯ ಸಾಮಾನ್ಯ ವಾರ್ಡಲ್ಲಿ 3 ಪೇಷಂಟಿಗೆ ಒಬ್ಬ ನರ್ಸ್, ಬೇರೆ ಆಸ್ಪತ್ರೆಗಳಲ್ಲಿ 5 ಪೇಷಂಟಿಗೆ ಒಬ್ಬ ನರ್ಸ್, ಐಸಿಯುನಲ್ಲಿ ಒಬ್ಬರಿಗೆ ಒಬ್ಬರು, ಇದರ ಮೇಲೆ ರಜೆಗೆ ಅಂತ ಶೇ 30ರಷ್ಟು ಹೆಚ್ಚುವರಿ. ಕೇಳಿದವರು ಪರವಾಗಿಲ್ವಲ್ಲ ಅಂತಾರೆ. ಆದ್ರೆ ಈ 3ಕ್ಕೆ 1 ಅನ್ನೋದು ಆ ಹೊತ್ತಲ್ಲಿ ವಾರ್ಡಲ್ಲಿ ನಿಂತಿರೋರ ಲೆಕ್ಕ ಅಲ್ಲ, ಮೂರೂ ಪಾಳಿ ಸೇರಿದ ಹುದ್ದೆಗಳ ಲೆಕ್ಕ. ಅಂದ್ರೆ ಒಂದು ಪಾಳೀಲಿ 9 ಪೇಷಂಟಿಗೆ ಒಬ್ಬರು. 30 ಬೆಡ್ಡಿನ ವಾರ್ಡಿಗೆ 10 ಜನ, ರಜೆಯ 3 ಸೇರಿಸಿದ್ರೆ 13. ಆ 13ರಲ್ಲಿ ವಾರದ ಆಫ್ ಒಂದಕ್ಕೇ ದಿನಕ್ಕೆ ಸುಮಾರು ಇಬ್ಬರು ಹೋಗ್ತಾರೆ, ಸಿಎಲ್, ಇಎಲ್ ಅನ್ನೋ ರಜೆಗಳು, ಟ್ರೈನಿಂಗು, ಕೋರ್ಟ್ ಸಾಕ್ಷಿ, ವಿಐಪಿ ಡ್ಯೂಟಿ, ಕ್ಯಾಂಪು ಅಂತ ಇನ್ನಿಬ್ಬರು ಮೂವರು ಹೋಗ್ತಾರೆ, ಉಳಿದ 8-9 ಜನರನ್ನ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಅಂತ ಹಂಚಿದ್ರೆ ರಾತ್ರಿಗೆ ಇಬ್ಬರು. ಇದು ನಿಯಮದ ಪ್ರಕಾರ ಎಲ್ಲಾ ಹುದ್ದೆ ತುಂಬಿದ್ದಾಗಿನ ಮಾತು! ಆ ಶೇ 30 ಕಾಗದದಲ್ಲೇ ಉಳಿದು, ಎರಡು ಹುದ್ದೆ ಖಾಲಿ ಬಿದ್ದು, ಒಬ್ಬರು ಡೆಪ್ಯುಟೇಶನ್ ಮೇಲೆ ಆಫೀಸಲ್ಲಿ ಕೂತಿದ್ರೆ 7 ಜನ. 7 ಜನ ಇಟ್ಕೊಂಡು ಲಿಸ್ಟ್ ಹಾಕಿ ನೋಡಿ, ರಾತ್ರಿಗೆ ಒಬ್ಬರಿಗಿಂತ ಜಾಸ್ತಿ ಬರಲ್ಲ, ಎಷ್ಟು ತಿರುಚಿದ್ರೂ ಬರಲ್ಲ.

ಪೇಷಂಟು ಮಾತ್ರ 30ಕ್ಕೆ ನಿಲ್ಲಲ್ಲ. ಡೆಂಗ್ಯೂ ಸೀಸನ್ನಲ್ಲಿ ನೆಲದ ಮೇಲೆ ಹಾಸಿಗೆ ಹಾಸ್ತೀವಿ, ವಾಪಸ್ ಕಳಿಸೋ ಹಾಗಿಲ್ಲ, ಕಳಿಸಲೂಬಾರದು. ಹುದ್ದೆ ಮಂಜೂರಾಗೋದು ಬೆಡ್ ಲೆಕ್ಕದಲ್ಲಿ, ನೆಲದ ಮೇಲಿರೋರು ಯಾರ ಲೆಕ್ಕಕ್ಕೂ ಬರಲ್ಲ. ಬಾಣಂತಿ ವಾರ್ಡಿಂದು ಇನ್ನೂ ದೊಡ್ಡ ಅನ್ಯಾಯ. ಅಲ್ಲಿ 30 ಬೆಡ್ ಅಂದ್ರೆ 30 ತಾಯಂದಿರ ಜೊತೆ 30 ಮಕ್ಕಳು, ಆದ್ರೂ ಲೆಕ್ಕ 30ಕ್ಕೇ. ಹೆರಿಗೆ ಆದ ಮೊದಲ ಕೆಲವು ಗಂಟೆ ಬ್ಲೀಡಿಂಗ್ ನೋಡ್ತಾ ಇರ್ಬೇಕು, ಹೊಟ್ಟೆ ಮುಟ್ಟಿ ಗರ್ಭಕೋಶ ಗಟ್ಟಿಯಾಗಿದೆಯಾ ಅಂತ ನೋಡ್ಬೇಕು, ಅದೇ ಹೊತ್ತಿಗೆ ಮಗು ಮೈ ತಣ್ಣಗಾಗಿದೆಯಾ, ಹಾಲು ಎಳೀತಿದೆಯಾ, ಬಣ್ಣ ಹೇಗಿದೆ ಅಂತಲೂ ನೋಡ್ಬೇಕು. ಬಾಣಂತಿ ಸಾವು ತಡೀಬೇಕು ಅಂತ ಪ್ರತಿ ಮೀಟಿಂಗಲ್ಲೂ ಹೇಳ್ತಾರೆ, ಈ ಮುಟ್ಟಿ ನೋಡೋ ಕೈ ರಾತ್ರಿ ಹೊತ್ತು ಎಷ್ಟಿವೆ ಅಂತ ಕೇಳಿದ ಮೀಟಿಂಗ್ ನಾನು ಕಂಡಿಲ್ಲ.

ರಾತ್ರಿ ಒಬ್ಬರೇ ಇದ್ದಾಗ ಏನಾಗುತ್ತೆ ಅಂತ ಒಂದೇ ಒಂದು ಉದಾಹರಣೆ ಹೇಳ್ತೀನಿ. ಯಾರಿಗೋ ರಕ್ತ ಹಾಕ್ಬೇಕು. ಬ್ಯಾಗ್ ನಂಬರು, ಗ್ರೂಪು, ಎಕ್ಸ್‌ಪೈರಿ ಡೇಟು, ಪೇಷಂಟ್ ಹೆಸರು, ಕೇಸ್ ಶೀಟಿನ ನಂಬರು ಇಷ್ಟನ್ನೂ ಇಬ್ಬರು ನೋಡಿ ಸೈನ್ ಹಾಕಿ ಆಮೇಲೆ ಶುರು ಮಾಡ್ಬೇಕು, ಯಾಕಂದ್ರೆ ತಪ್ಪು ರಕ್ತ ಹೋದ್ರೆ ಜೀವಕ್ಕೇ ಸಂಚಕಾರ. ಒಬ್ಬರೇ ಇದ್ರೆ ಎರಡನೇ ಸೈನ್ ಯಾರದು? ಡ್ಯೂಟಿ ಡಾಕ್ಟರು ಕ್ಯಾಶುಯಾಲಿಟೀಲಿ, ಅದಕ್ಕೆ ಪಕ್ಕದ ವಾರ್ಡಿನ ಸಿಸ್ಟರನ್ನ ಕರೀಬೇಕು, ಅವಳೂ ಅಲ್ಲಿ ಒಬ್ಬಳೇ, ಅವಳು ಬಂದ್ರೆ ಆ ವಾರ್ಡ್ ಖಾಲಿ. ಶುರು ಮಾಡಿದ ಮೇಲೆ ಮೊದಲ 15 ನಿಮಿಷ ಪಕ್ಕದಲ್ಲೇ ಇದ್ದು ಚಳಿ, ನಡುಕ, ಉಸಿರಾಟ, ಬಿಪಿ ನೋಡ್ಬೇಕು, ಅಷ್ಟರಲ್ಲಿ ಆ ಕಡೆ ಮೂಲೇಲಿ ಇನ್ನೊಬ್ಬರ ಡ್ರಿಪ್ ಖಾಲಿ ಆಗಿರುತ್ತೆ, ಮತ್ತೊಬ್ಬರು ಆಕ್ಸಿಜನ್ ಮಾಸ್ಕ್ ಕಿತ್ತು ಹಾಕಿರ್ತಾರೆ, ಬಾಗಿಲಲ್ಲಿ ಹೊಸ ಅಡ್ಮಿಷನ್ ಸ್ಟ್ರೆಚರ್ ಬಂದು ನಿಂತಿರುತ್ತೆ. ಯಾರನ್ನ ಬಿಟ್ಟು ಯಾರ ಹತ್ರ ಓಡ್ಬೇಕು ಅಂತ ಆ ಹುಡುಗಿ ತೀರ್ಮಾನ ಮಾಡ್ಬೇಕು, ಬೆಳಗ್ಗೆ ಆ ತೀರ್ಮಾನಕ್ಕೆ ವಿವರಣೆನೂ ಅವಳೇ ಬರ್ಕೊಡ್ಬೇಕು.

ಪಾಳಿ ಲೆಕ್ಕ ಬಹಳ ಕಡೆ ಬೆಳಗ್ಗೆ 8ರಿಂದ 2, ಮಧ್ಯಾಹ್ನ 2ರಿಂದ 8, ರಾತ್ರಿ 8ರಿಂದ ಬೆಳಗ್ಗೆ 8. ರಾತ್ರಿ 12 ಗಂಟೆ ಅನ್ನೋದು ಹೆಸರಿಗೆ, ಹ್ಯಾಂಡೋವರ್ ಕೊಟ್ಟು, ಔಷಧಿ ಎಣಿಸಿ, ಕೇಸ್ ಶೀಟ್ ಬರೆದು ಹೊರಡೋವಾಗ 9 ದಾಟಿರುತ್ತೆ, ಬೆಳಗಿನ ಪಾಳಿಯವರು ಯಾರಾದ್ರೂ ಬರ್ಲಿಲ್ಲ ಅಂದ್ರೆ ‘ಸ್ವಲ್ಪ ಕಂಟಿನ್ಯೂ ಮಾಡಮ್ಮ’ ಅಂತ ಇನ್‌ಚಾರ್ಜ್ ಕೇಳ್ತಾರೆ. ನಾನೂ ಕೇಳಿದ್ದೀನಿ, ಬೇರೆ ದಾರಿನೇ ಇರ್ತಿರಲಿಲ್ಲ. ರಾತ್ರಿಯೆಲ್ಲಾ ಎದ್ದಿದ್ದ ಕಣ್ಣಲ್ಲಿ ಇನ್ಸುಲಿನ್ ಯೂನಿಟ್ ಎಳೆಯೋದು ಎಷ್ಟು ಅಪಾಯ ಅಂತ ಎಳೆದವರಿಗೇ ಗೊತ್ತು.

ಇನ್ನು ರಜೆ ವಿಷಯ, ಇದು ಡ್ಯೂಟಿ ಲಿಸ್ಟ್ ಹಾಕೋರ ಹೊಟ್ಟೆ ಉರಿಯೋ ಜಾಗ. ಸರ್ಕಾರಿ ನೌಕರಿಯ ಹೆಣ್ಣುಮಕ್ಕಳಿಗೆ 180 ದಿನ ಹೆರಿಗೆ ರಜೆ ಇದೆ, 2021ರಲ್ಲಿ ರಾಜ್ಯ ಸರ್ಕಾರ ಶಿಶುಪಾಲನಾ ರಜೆನೂ 180 ದಿನ ಕೊಡ್ತು. ಎರಡೂ ಬೇಕಾಗಿರೋದೇ, ಇನ್ನೂ ಮೊದಲೇ ಬರಬೇಕಿತ್ತು. ಆದ್ರೆ ರಜೆ ಮೇಲೆ ಹೋದವಳ ಹುದ್ದೆ ದಾಖಲೇಲಿ ಭರ್ತಿ ಅಂತಲೇ ಇರುತ್ತೆ, ಅವಳ ಜಾಗಕ್ಕೆ ಯಾರೂ ಬರಲ್ಲ. ಬಹುಪಾಲು ಹೆಂಗಸರೇ ಇರೋ ಕೆಲಸದಲ್ಲಿ ಬಸುರಿ ಬಾಣಂತನ ಅನ್ನೋದು ಯಾವಾಗ್ಲೂ ನಡೆಯೋದೇ ತಾನೇ, ಅದಕ್ಕೆ ಜನ ಎತ್ತಿಡದೆ ಹುದ್ದೆ ಲೆಕ್ಕ ಹಾಕೋದು ಎಂಥ ಲೆಕ್ಕ? ಒಬ್ಬಳಿಗೆ ಖುಷಿ ಸುದ್ದಿ ಬಂದ್ರೆ ಉಳಿದ ಆರು ಜನರ ಮುಖ ಸಣ್ಣಗಾಗುತ್ತೆ, ನೈಟ್ ಬೇಗ ಬೇಗ ತಿರುಗಿ ಬರುತ್ತೆ ಅಂತ. ಒಳ್ಳೇ ಹುಡುಗೀರು, ಒಬ್ಬರಿಗೊಬ್ಬರು ಊಟದ ಡಬ್ಬಿ ಹಂಚ್ಕೊಂಡು ತಿನ್ನೋರು, ಲಿಸ್ಟ್ ಮುಂದೆ ನಿಂತು ಜಗಳ ಆಡೋ ಹಾಗೆ ಮಾಡಿಟ್ಟಿದ್ದೀವಿ. ಇದರ ಜೊತೆ ಗುತ್ತಿಗೆಯವರು. ಅದೇ ಕೆಲಸ, ಅದೇ ನೈಟು, ಸಂಬಳ ಮಾತ್ರ ಬೇರೆ, 2023ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಆರೋಗ್ಯ ಅಭಿಯಾನದ (ಎನ್‌ಎಚ್‌ಎಂ) ಗುತ್ತಿಗೆ ನೌಕರರು ಬೆಂಗಳೂರಿನ ಫ್ರೀಡಂ ಪಾರ್ಕಲ್ಲಿ ಕಾಯಂ ಮಾಡಿ ಅಂತ ಕೂತಿದ್ದು ನಿಮಗೆ ನೆನಪಿರಬಹುದು. ಬೇರೆ ಕಡೆ ಪರ್ಮನೆಂಟ್ ಸಿಕ್ಕ ದಿನವೇ ಅವರು ಹೊರಡ್ತಾರೆ, ಹೊರಡೋದ್ರಲ್ಲಿ ತಪ್ಪೇನಿದೆ.

ಖಾಸಗಿ ಆಸ್ಪತ್ರೆಗಳದ್ದು ಬೇರೆಯೇ ಕತೆ. 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರದ ಸಮಿತಿ 50ಕ್ಕಿಂತ ಕಡಿಮೆ ಬೆಡ್ ಇರೋ ಕಡೆನೂ ನರ್ಸಿಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಸಂಬಳ ಕೊಡಬಾರದು ಅಂತ ಶಿಫಾರಸು ಮಾಡ್ತು. ನಿಮ್ಮೂರಿನ ಯಾವುದಾದ್ರೂ ನರ್ಸಿಂಗ್ ಹೋಮಲ್ಲಿ ಹೋಗಿ ವಿಚಾರಿಸಿ, ನಾನು ಹೇಳೋದು ಬೇಡ.

ನರ್ಸ್ ಸಿಗಲ್ಲ ಅನ್ನೋ ಮಾತನ್ನ ಮಾತ್ರ ನಾನು ಒಪ್ಪಲ್ಲ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನ ವಿವಿ ಕೆಳಗೆ ಎಷ್ಟೊಂದು ನರ್ಸಿಂಗ್ ಕಾಲೇಜು ಇವೆ, ಕೇರಳದಿಂದ ಬಂದು ಇಲ್ಲಿ ಓದ್ತಾರೆ, ಇಲ್ಲಿ ಕಲಿತವರು ಗಲ್ಫ್, ಇಂಗ್ಲೆಂಡ್, ಜರ್ಮನಿ ಅಂತ ಹೋಗಿ ಅಲ್ಲಿನ ವಾರ್ಡ್ ನಡೆಸ್ತಿದ್ದಾರೆ. ಇಲ್ಲಿ ಕೊರತೆ ಇರೋದು ಹುದ್ದೆಗೆ, ಸಂಬಳಕ್ಕೆ. ಆ ಕೊರತೆ ಮುಚ್ಚೋಕೆ ಕಲಿಯೋಕೆ ಬಂದ ಹುಡುಗ ಹುಡುಗೀರನ್ನ ನರ್ಸ್ ಲೆಕ್ಕಕ್ಕೆ ಹಿಡೀತಾರೆ, ಅದು ಅವರಿಗೂ ಮೋಸ, ಪೇಷಂಟಿಗೂ ಮೋಸ.

ನರ್ಸ್ ಕಡಿಮೆ ಆದ್ರೆ ಜೀವ ಹೋಗುತ್ತೆ ಅನ್ನೋದು ನಮ್ಮ ಗೋಳಾಟ ಅಂತ ಅಂದ್ಕೋಬೇಡಿ. 2002ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆ ಇಟ್ಕೊಂಡು ಲಿಂಡಾ ಐಕನ್ ಅನ್ನೋರ ತಂಡ ಮಾಡಿದ ಅಧ್ಯಯನದಲ್ಲಿ ಒಬ್ಬ ನರ್ಸಿಗೆ ಒಂದೊಂದು ಪೇಷಂಟ್ ಜಾಸ್ತಿ ಆದ ಹಾಗೆಲ್ಲಾ ಆಪರೇಷನ್ ಆದವರು 30 ದಿನದೊಳಗೆ ಸಾಯೋ ಸಂಭವ ಶೇ 7ರಷ್ಟು ಜಾಸ್ತಿ ಆಗೋದು ಕಂಡುಬಂತು. ಕ್ಯಾಲಿಫೋರ್ನಿಯಾದಲ್ಲಿ 1999ರಲ್ಲೇ ಕಾನೂನು ಮಾಡಿ 2004ರಿಂದ ಜಾರಿಗೆ ತಂದ್ರು, ಈಗ ಅಲ್ಲಿ ಸಾಮಾನ್ಯ ವಾರ್ಡಲ್ಲಿ ಒಬ್ಬರಿಗೆ 5 ಪೇಷಂಟಿಗಿಂತ ಹೆಚ್ಚು ಕೊಡೋ ಹಾಗಿಲ್ಲ, ಅದೂ ಹಗಲು ರಾತ್ರಿ ಯಾವ ಹೊತ್ತಲ್ಲೂ. ನಮ್ಮಲ್ಲಿ ನಾಳೆನೇ ಅದು ಆಗುತ್ತೆ ಅನ್ನೋ ಆಸೆ ನನಗಿಲ್ಲ. ಇಂಗ್ಲೆಂಡಲ್ಲಿ ಮಾಡಿದ್ದನ್ನ ಮಾತ್ರ ಈ ವಾರವೇ ಮಾಡಬಹುದು. ಅಲ್ಲಿ ಸ್ಟಾಫರ್ಡ್ ಆಸ್ಪತ್ರೇಲಿ ಸಿಬ್ಬಂದಿ ಕಡಿಮೆಯಾಗಿ ಪೇಷಂಟುಗಳ ಆರೈಕೆ ಕೆಟ್ಟು ಆದ ಅನಾಹುತದ ವಿಚಾರಣಾ ವರದಿ 2013ರಲ್ಲಿ ಬಂದ ಮೇಲೆ, 2014ರಿಂದ ಪ್ರತಿ ವಾರ್ಡಲ್ಲೂ ಈ ಪಾಳೀಲಿ ಎಷ್ಟು ನರ್ಸ್ ಇರ್ಬೇಕಿತ್ತು, ಎಷ್ಟು ಇದ್ದಾರೆ ಅಂತ ಜನರಿಗೆ ಕಾಣೋ ಹಾಗೆ ಬರೆದು ಹಾಕೋಕೆ ಶುರು ಮಾಡಿದ್ರು.

ನಮ್ಮಲ್ಲಿ ಪ್ರತಿ ವಾರ್ಡಲ್ಲೂ ಒಂದು ಸೆನ್ಸಸ್ ಪುಸ್ತಕ ಇರುತ್ತೆ. ಮಧ್ಯರಾತ್ರಿ 12ಕ್ಕೆ ಎಷ್ಟು ಪೇಷಂಟ್ ಇದ್ದಾರೆ, ಹೊಸಬರು ಎಷ್ಟು, ಡಿಸ್ಚಾರ್ಜ್ ಎಷ್ಟು, ಸಾವು ಎಷ್ಟು ಅಂತ ನೈಟ್ ಸಿಸ್ಟರ್ ಬರೀತಾರೆ, ಅದು ಬೆಳಗ್ಗೆ ಸೂಪರಿಂಟೆಂಡೆಂಟ್ ಟೇಬಲ್ಲಿಗೆ ಹೋಗುತ್ತೆ. ಆ ಪುಟದಲ್ಲಿ ಇನ್ನೊಂದು ಕಾಲಂ ಎಳೀರಿ, ಆ ಹೊತ್ತಲ್ಲಿ ಡ್ಯೂಟೀಲಿದ್ದ ನರ್ಸ್ ಎಷ್ಟು ಅಂತ, ವಿದ್ಯಾರ್ಥಿಗಳನ್ನ ಬಿಟ್ಟು. ಬಾಣಂತಿ ವಾರ್ಡಲ್ಲಿ ಮಕ್ಕಳನ್ನೂ, ಎಲ್ಲಾ ಕಡೆ ನೆಲದ ಮೇಲಿರೋರನ್ನೂ ಎಣಿಸಿ. ಅದೇ ಸಂಖ್ಯೆ ವಾರ್ಡ್ ಬಾಗಿಲಿನ ಬೋರ್ಡಲ್ಲೂ ಇರಲಿ, ತಿಂಗಳಿಗೊಮ್ಮೆ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿ ಮೂಲಕ ಬೆಂಗಳೂರಿಗೂ ಹೋಗಲಿ. ಇದಕ್ಕೆ ಬಜೆಟ್ ಬೇಡ, ಒಂದು ಸ್ಕೇಲು ಪೆನ್ನು ಸಾಕು. ಹುದ್ದೆ ಕೇಳೋಕೆ ಹೋದಾಗ ನಮ್ಮ ಕೈಲಿ ದಾಖಲೆ ಇರುತ್ತೆ, ಇಲ್ಲಿವರೆಗೆ ಬರೀ ಬಾಯಿ ಮಾತು ಇತ್ತು.

ಸಂಪಾದಕರೇ, ಮುಂದಿನ ಸಲ ಇಂಥ ದೂರು ಬಂದಾಗ ನಿಮ್ಮ ವರದಿಗಾರರು ಆ ರಾತ್ರಿಯ ಸೆನ್ಸಸ್ ಪುಸ್ತಕವನ್ನೂ ಡ್ಯೂಟಿ ಲಿಸ್ಟನ್ನೂ ಕೇಳಿ ನೋಡಲಿ, ಎರಡೂ ಸಂಖ್ಯೆಯನ್ನ ಸುದ್ದಿಯಲ್ಲಿ ಹಾಕಲಿ. ನರ್ಸ್ ತಪ್ಪಿದ್ರೆ ಅದನ್ನೂ ಹಾಕಿ.

ಇಂತಿ,
ಒಬ್ಬ ನಿವೃತ್ತ ಶುಶ್ರೂಷಕಿ, ದಾವಣಗೆರೆ