ಕಡಲ ಕೇಕು ಮಾಡಲು ಹೊರಟ ಮಗಳಿಗೆ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಕೇಕಿನ ಚಿತ್ರ ನೋಡಿದೆ. ನೀಲಿ ಅಲೆ, ಮರಳು, ಚಿಪ್ಪು, ಕೊಡೆ, ದೋಣಿ, ಮೇಲೊಂದು ಡಾಲ್ಫಿನ್. ಒಂದೇ ಕೇಕಿನ ಮೇಲೆ ಇಡೀ ಕಡಲತೀರ! ಚೆನ್ನಾಗಿಲ್ಲ ಅನ್ನುತ್ತಿಲ್ಲ. ಆದರೆ ಅದು ಫೋಟೊಗೆ ಅಂತ ತಣ್ಣಗಿನ ಕೋಣೆಯಲ್ಲಿ ಕೂತ ಕೇಕು. ನಿನ್ನದು ಬೇಸಿಗೆಯ ಮಧ್ಯಾಹ್ನ ಹೊರಗೆ ಮೇಜಿನ ಮೇಲೆ ಇಡುವ ಕೇಕು. ಅಲಂಕಾರ ಏನಿರಬೇಕು ಅಂತ ನೀನೊಬ್ಬಳೇ ತೀರ್ಮಾನ ಮಾಡುವ ಹಾಗಿಲ್ಲ. ಸೆಖೆಯನ್ನೂ ಒಂದು ಮಾತು ಕೇಳಬೇಕು.

ಮೊದಲು ಡಾಲ್ಫಿನ್ ಬಿಟ್ಟುಬಿಡು. ಫಾಂಡೆಂಟ್ ಅಂದರೆ ಸಕ್ಕರೆಯ ಕಣಕ, ಅದರ ಗೊಂಬೆ ಒಣಗಿ ಗಟ್ಟಿಯಾಗಲು ದಿನಗಟ್ಟಲೆ ಬೇಕು. ಅದನ್ನು ಫ್ರಿಜ್‌ನಲ್ಲಿಟ್ಟು ಹೊರಗೆ ತಂದರೆ, ತಣ್ಣಗಿನ ಮೈಮೇಲೆ ಗಾಳಿಯ ತೇವ ಕೂತು ಬೆವರುತ್ತದೆ. ಆಮೇಲೆ ಮುಟ್ಟಿದರೆ ಅಂಟು, ಬಣ್ಣವೂ ಇಳಿಯುತ್ತದೆ. ಅಲ್ಲದೆ ಮನೆಯಲ್ಲಿ ಮಾಡಿದ ಗೊಂಬೆಗಳ ಮುಖ ಯಾವಾಗಲೂ ಏನೋ ಕಂಡು ಹೆದರಿದ ಹಾಗೇ ಇರುತ್ತೆ, ಅಲ್ವಾ? ದೋಣಿಯೂ ಬೇಡ. ಅಲೆ ಚೆನ್ನಾಗಿ ಬಂದರೆ ಸಾಕು, ಕಡಲು ಅಂತ ಚಿಕ್ಕ ಮಕ್ಕಳಿಗೂ ಗೊತ್ತಾಗುತ್ತದೆ.

ಅಲೆಗೆ ಬಟರ್‌ಕ್ರೀಮ್ ಮಾಡು. ಬೆಣ್ಣೆಯ ತೂಕದ ಎರಡರಷ್ಟು ಐಸಿಂಗ್ ಸಕ್ಕರೆ, ಜರಡಿ ಹಿಡಿದು. ಒಂದು ತೊಂದರೆ ಇದೆ. ಬೆಣ್ಣೆ 32ರಿಂದ 35 ಡಿಗ್ರಿಯ ಹೊತ್ತಿಗೆ ಕರಗಿಹೋಗುತ್ತದೆ. ಅದಕ್ಕೆ ಎಷ್ಟೋ ಮೊದಲೇ ಮೆತ್ತಗಾಗಿ, ನೀನು ಕಷ್ಟಪಟ್ಟು ಎಳೆದ ಗೆರೆಯೆಲ್ಲ ಜಾರುತ್ತವೆ. ಅದಕ್ಕೆ ಬೆಣ್ಣೆಯಲ್ಲಿ ಸ್ವಲ್ಪ ಪಾಲು ತೆಗೆದು ಬಿಳಿ ಶಾರ್ಟನಿಂಗ್ (ವನಸ್ಪತಿಯಂಥ ಗಟ್ಟಿ ಕೊಬ್ಬು) ಸೇರಿಸುತ್ತಾರೆ. ಅದು ಕರಗಲು ಬೆಣ್ಣೆಗಿಂತ ಜಾಸ್ತಿ ಬಿಸಿ ಬೇಕು. ಕೆಲವರು ಅರ್ಧಕ್ಕರ್ಧ ಹಾಕುತ್ತಾರೆ. ನನಗದು ಇಷ್ಟವಿಲ್ಲ, ತಿಂದ ಮೇಲೆ ಅಂಗುಳಿನಲ್ಲಿ ಜಿಡ್ಡು ಉಳಿಯುತ್ತದೆ. ಮೂರರಲ್ಲಿ ಒಂದು ಪಾಲು ಸಾಕು.

ಪದರಗಳ ನಡುವೆ ಫ್ರೆಶ್ ಕ್ರೀಮ್ ಬೇಡ, ಗನಾಶ್ ಹಾಕು, ಅಂದರೆ ಬಿಸಿ ಕ್ರೀಮಿನಲ್ಲಿ ಕರಗಿಸಿದ ಚಾಕಲೇಟ್. ಡಾರ್ಕ್ ಚಾಕಲೇಟ್ ಆದರೆ ಎರಡು ಪಾಲು ಚಾಕಲೇಟಿಗೆ ಒಂದು ಪಾಲು ಕ್ರೀಮ್, ಬಿಳಿ ಚಾಕಲೇಟ್ ಆದರೆ ಮೂರಕ್ಕೆ ಒಂದು. ಬಿಳಿಯದು ಮೆತ್ತಗಿನ ಜಾತಿ, ಅದಕ್ಕೇ ಜಾಸ್ತಿ ಬೇಕು.

ಈಗ ಬಣ್ಣದ ವಿಷಯ. ನೀರಿನ ಹಾಗಿರುವ ಬಣ್ಣ ಬೇಡ, ಜೆಲ್ ತಗೋ. ಬೆಣ್ಣೆ ಹಳದಿ, ನೀನು ಹಾಕುವುದು ನೀಲಿ, ಬರುವುದು ಹಸಿರು ಮಿಶ್ರಿತ ನೀಲಿ. ಹುಟ್ಟುಹಬ್ಬದ ಕೇಕಿಗಾದರೆ ಇದು ತಲೆನೋವು. ಆಗ ಬೆಣ್ಣೆಯನ್ನು ಬೆಳ್ಳಗಾಗುವ ತನಕ ಬೀಟ್ ಮಾಡಿ, ಕಡ್ಡಿಯ ತುದಿಯಷ್ಟು ನೇರಳೆ ಬಣ್ಣ ಸೇರಿಸಿ ಹಳದಿ ಮುಚ್ಚುತ್ತಾರೆ. ಆದರೆ ಕಡಲಿಗೆ ಆ ಹಸಿರು ಛಾಯೆಯೇ ಚೆಂದ. ಸುಮ್ನೆ ಬಿಡು. ನಿನಗೆ ಬೇಕಾದ್ದಕ್ಕಿಂತ ಸ್ವಲ್ಪ ತಿಳಿಯಾಗಿಯೇ ನಿಲ್ಲಿಸು. ಕೆಲವು ಗಂಟೆ ಇಟ್ಟರೆ ಬಣ್ಣ ತಾನಾಗಿಯೇ ಗಾಢವಾಗುತ್ತದೆ. ಕಡುನೀಲಿ ಮಾಡಿದರೆ ಬಂದವರ ಹಲ್ಲು ನಾಲಿಗೆಯೂ ನೀಲಿ!

ಸ್ಪಾಂಜ್ ಪೂರ್ತಿ ಆರಿರಬೇಕು, ಮೇಲಿನ ಉಬ್ಬನ್ನು ಹಲ್ಲಿರುವ ಚಾಕುವಿನಿಂದ ಮಟ್ಟ ಮಾಡಿರಬೇಕು. ಆಮೇಲೆ ಸುತ್ತಲೂ ತೆಳ್ಳಗೆ ಒಂದು ಕೋಟ್ ಬಳಿದು ಅರ್ಧ ಗಂಟೆ ಫ್ರಿಜ್‌ನಲ್ಲಿಡು. ಉದುರುವ ಪುಡಿಯೆಲ್ಲ ಅದರಲ್ಲೇ ಅಂಟಿಕೊಳ್ಳುತ್ತದೆ. ಇದನ್ನು ಬಿಟ್ಟರೆ ನಿನ್ನ ತಿಳಿನೀಲಿ ಕಡಲಿನ ತುಂಬ ಕಂದು ಚುಕ್ಕೆಗಳು.

ಅಲೆಗೆ ಒಂದೇ ನೀಲಿ ಬೇಡ. ಮೂರು ಬಟ್ಟಲು ಮಾಡು: ಗಾಢ, ತಿಳಿ, ಬರೀ ಬಿಳಿ. ಬುಡದಲ್ಲಿ ಗಾಢ, ಅದರ ಮೇಲೆ ತಿಳಿ, ಅಂಚಿಗೆ ಬಿಳಿ. ಪ್ಯಾಲೆಟ್ ನೈಫಿನ (ಕ್ರೀಮ್ ಬಳಿಯುವ ಚಪ್ಪಟೆ ಮೊಂಡು ಚಾಕು) ತುದಿಯನ್ನು ಕ್ರೀಮಿನಲ್ಲಿ ಸ್ವಲ್ಪವೇ ಒತ್ತಿ ಪಕ್ಕಕ್ಕೆ ಎಳಿ, ಕೊನೆಗೆ ಮಣಿಕಟ್ಟು ತಿರುಗಿಸಿ ಮೇಲಕ್ಕೆತ್ತು. ಎತ್ತಿದ ಕಡೆ ಸಣ್ಣದೊಂದು ಮಡಿಕೆ ಏಳುತ್ತದೆ ನೋಡು, ಅದೇ ಅಲೆಯ ನೆತ್ತಿ. ಪ್ರತಿಸಲ ಚಾಕು ಒರೆಸಿಕೋ, ಇಲ್ಲದಿದ್ದರೆ ಮೂರೂ ಬಣ್ಣ ಸೇರಿ ಒಂದೇ ಆಗುತ್ತದೆ. ಬಿಳಿಯನ್ನು ಎಳೆಯಬೇಡ. ಚಮಚದ ಹಿಂಬದಿಯಿಂದ ತಟ್ಟಿ ತಟ್ಟಿ ಎತ್ತು, ನೊರೆಯ ಹಾಗೆ ಮೊನೆ ಏಳುತ್ತದೆ. ಚೆನ್ನಾಗಿ ಬಂತು ಅನ್ನಿಸಿದ ಕೂಡಲೇ ನಿಲ್ಲಿಸು. ಅಲೆ ಕೆಡುವುದು ಬಹುಪಾಲು ಆಮೇಲಿನ ತಿದ್ದುಪಡಿಯಲ್ಲೇ. ನಡುವೆ ಕ್ರೀಮ್ ಮೆತ್ತಗಾದರೆ ಬಟ್ಟಲನ್ನು ಹತ್ತು ನಿಮಿಷ ಫ್ರಿಜ್‌ಗೆ ಹಾಕು. ಪೈಪಿಂಗ್ ಬ್ಯಾಗ್ ಬಳಸುವುದಾದರೆ ಅರ್ಧ ಮಾತ್ರ ತುಂಬು, ಕೈಯ ಬಿಸಿಗೇ ಒಳಗಿನದು ಸಡಿಲವಾಗುತ್ತದೆ.

ಮರಳಿಗೆ ಬಿಸ್ಕತ್ತು. ಅರ್ಧ ನುಣ್ಣಗೆ ಪುಡಿ ಮಾಡು, ಅರ್ಧ ತರಿತರಿ ಇರಲಿ. ಇದನ್ನು ಹಿಂದಿನ ದಿನವೇ ಉದುರಿಸಿಟ್ಟರೆ ತೇವ ಎಳೆದುಕೊಂಡು ಒದ್ದೆ ಮಣ್ಣಾಗುತ್ತದೆ. ಹೊರಗೆ ತರುವ ಮುಂಚೆ ಹಾಕು. ಬೋರ್ಡು ಕೇಕಿಗಿಂತ ಸುತ್ತಲೂ ಎರಡು ಇಂಚು ದೊಡ್ಡದಿದ್ದರೆ ಮರಳು ಅಲ್ಲಿಯವರೆಗೂ ಹರಡಬಹುದು. ಬುಡದ ಅಂಚು ಸೊಟ್ಟ ಇದ್ದರೂ ಮುಚ್ಚಿಹೋಗುತ್ತದೆ. ಬಿಳಿ ಚಾಕಲೇಟನ್ನು ಅಚ್ಚಿನಲ್ಲಿ ಹಾಕಿ ಮಾಡಿದ ಚಿಪ್ಪುಗಳೂ ಕೊನೆಗೇ. ಮೂರೋ ನಾಲ್ಕೋ ಸಾಕು, ಒಂದೇ ಮೂಲೆಯಲ್ಲಿ. ಕಾಗದದ ಕೊಡೆಯೊಂದನ್ನು ಸಿಕ್ಕಿಸು ಬೇಕಾದರೆ. ಅದರ ಕಡ್ಡಿ ಚೂಪಾಗಿರುತ್ತದೆ, ಮಕ್ಕಳ ತಟ್ಟೆಗೆ ಹೋಗುವ ಮೊದಲು ನೀನೇ ಕಿತ್ತುಬಿಡು.

ಕಾರಿನಲ್ಲಿ ಒಯ್ಯುವಾಗ ಸೀಟಿನ ಮೇಲೆ ಇಡಬೇಡ, ಅದು ಹಿಂದಕ್ಕೆ ಇಳಿಜಾರು. ಮಟ್ಟವಾದ ಜಾಗದಲ್ಲಿ, ಜಾರದ ಮ್ಯಾಟಿನ ಮೇಲೆ ಡಬ್ಬ ಇಡು. ಯಾರ ತೊಡೆಯ ಮೇಲೂ ಬೇಡ, ಎಷ್ಟೇ ಆಸೆಪಟ್ಟು ಕೇಳಿದರೂ.

ಹೊರಗೆ ತಂದ ಕೂಡಲೇ ಕತ್ತರಿಸಬೇಡ, ಫ್ರಿಜ್‌ನಿಂದ ಬಂದ ಬಟರ್‌ಕ್ರೀಮ್ ಬಾಯಿಗೆ ಗಟ್ಟಿ. ಅರ್ಧ ಗಂಟೆ ನೆರಳಲ್ಲಿರಲಿ. ಹಾಗಂತ ತುಂಬಾ ಹೊತ್ತೂ ಬೇಡ. ಹಾಲು, ಕ್ರೀಮ್ ಇರುವ ತಿನಿಸು ಹೊರಗೆ ಎರಡು ಗಂಟೆ ದಾಟಬಾರದು, 32 ಡಿಗ್ರಿ ಮೀರಿದ ಸೆಖೆಯಲ್ಲಿ ಒಂದೇ ಗಂಟೆ. ಊಟ ಮುಗಿಯುವ ಹೊತ್ತಿಗೆ ಹೊರಗೆ ತಾ.

ಎಷ್ಟು ಜನ ಬರುತ್ತಾರೆ ಅಂತ ಬರೆಯಲೇ ಇಲ್ಲ ನೀನು. ಎರಡು ಪದರದ 8 ಇಂಚಿನ ಕೇಕು 20 ಜನಕ್ಕೆ ಸಾಕಾಗುತ್ತದೆ. ಜಾಸ್ತಿ ಇದ್ದರೆ ಮೇಲೊಂದು ಅಂತಸ್ತು ಕಟ್ಟಲು ಹೋಗಬೇಡ. ಅಲಂಕಾರ ಇಲ್ಲದ ಇನ್ನೊಂದು ಕೇಕು ಮಾಡಿ ಒಳಗಿಡು, ಅಲ್ಲೇ ಕತ್ತರಿಸಿ ತಂದು ಹಂಚು.

ನಿನ್ನ
ಅಮ್ಮ