ತೋಟದ ಕಾರ್ಮಿಕರನ್ನು ನುಸುಳುಕೋರರೆಂದು ಬಿಂಬಿಸಿದ ಕಾರ್ಯಕ್ರಮದ ವಿರುದ್ಧ ದೂರು

ಇವರಿಂದ:
ಒಬ್ಬ ಕಾಫಿ ಬೆಳೆಗಾರ,
ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ

ಇವರಿಗೆ:
ಕುಂದುಕೊರತೆ ನಿವಾರಣಾಧಿಕಾರಿಗಳು,
ಸುದ್ದಿವಾಹಿನಿಯ ಕಚೇರಿ, ಬೆಂಗಳೂರು

ಮಾನ್ಯರೇ,

ಜನವರಿ 12ರ ರಾತ್ರಿ 9 ಗಂಟೆಗೆ ನಿಮ್ಮ ವಾಹಿನಿಯಲ್ಲಿ ಪ್ರಸಾರವಾದ, ಮಲೆನಾಡಿನ ಕಾಫಿ ತೋಟಗಳು ‘ಬಾಂಗ್ಲಾ ನುಸುಳುಕೋರರ ಅಡ್ಡೆ’ಗಳಾಗಿವೆ ಎಂದು ಸಾರಿದ ಕಾರ್ಯಕ್ರಮದಲ್ಲಿ ತೋರಿಸಿದ ಲೈನ್ ಮನೆಗಳು, ಅಂದರೆ ಕಾರ್ಮಿಕರ ಸಾಲುಮನೆಗಳು, ನನ್ನ ತೋಟದವು. ನಾನು ಪೇಟೆಗೆ ಹೋಗಿದ್ದ ಹೊತ್ತಿನಲ್ಲಿ ಬಂದ ನಿಮ್ಮ ವರದಿಗಾರರು, ತೋಟದ ಲೆಕ್ಕ ನೋಡುವ ರೈಟರನ್ನೂ ಕೇಳದೆ ಲೈನಿಗೆ ನುಗ್ಗಿ ಚಿತ್ರೀಕರಿಸಿಕೊಂಡು ಹೋದರು. ಪ್ರಸಾರಕ್ಕೆ ಇನ್ನೂ ಐದು ದಿನಗಳಿದ್ದವು. ಯಾರೊಬ್ಬರೂ ನನಗೊಂದು ಫೋನ್ ಮಾಡಲಿಲ್ಲ.

ಲೈನಿನಲ್ಲಿದ್ದ ಒಂಬತ್ತು ಕುಟುಂಬಗಳೂ ಅಸ್ಸಾಮಿನ ಬರ್‌ಪೇಟಾ ಜಿಲ್ಲೆಯವು. ಆರು ಮುಸ್ಲಿಮರದ್ದು, ಮೂರು ಹಿಂದೂಗಳದ್ದು. ಒಂದೇ ರೈಲಿನಲ್ಲಿ ಬಂದು ಒಂದೇ ಕೂಲಿಗೆ ಕಾಫಿ ಕುಯ್ಯುತ್ತಿದ್ದ ಇವರಲ್ಲಿ ಹಿಂದೂಗಳ ಮೂರು ಬಾಗಿಲುಗಳನ್ನು ಕ್ಯಾಮೆರಾ ದಾಟಿ ಹೋಗಿ, ಗಡ್ಡ, ಟೋಪಿ ಕಂಡಲ್ಲಿ ಮಾತ್ರ ನಿಂತಿತು. ‘ಈ ಮುಖ ನೋಡಿದರೆ ಸಾಕು, ದಾಖಲೆ ಬೇಕಿಲ್ಲ’ ಎಂದು ನಿರೂಪಕರು ಹೇಳಿದರು. ಅವರು ಆಡುವ ಬಂಗಾಳಿಯನ್ನೇ ಪುರಾವೆ ಎಂದರು. ಆ ಬಂಗಾಳಿಯೂ ನಮ್ಮ ಕನ್ನಡದಂತೆ ಸಂವಿಧಾನದ ಎಂಟನೇ ಅನುಸೂಚಿಯಲ್ಲಿರುವ ಭಾಷೆ.

ದಾಖಲೆ ಬೇಕಿಲ್ಲವೆಂದಿರೇನೋ ಸರಿ, ಆದರೆ ಅವರು ತಂದು ತೋರಿಸಿದ್ದರು. ಆ ಕಾರ್ಮಿಕರ ಮೇಸ್ತ್ರಿ ಪ್ಲಾಸ್ಟಿಕ್ ಚೀಲದಿಂದ ಲ್ಯಾಮಿನೇಟ್ ಮಾಡಿಸಿದ ಎರಡು ಹಾಳೆಗಳನ್ನು ತೆಗೆದು ಕ್ಯಾಮೆರಾದ ಮುಂದೆ ಹಿಡಿದಿದ್ದಾರೆ: ಒಂದರಲ್ಲಿ 1951ರ ಪೌರತ್ವ ನೋಂದಣಿಯಲ್ಲಿರುವ ಅವರ ಅಜ್ಜನ ಹೆಸರು, ಇನ್ನೊಂದರಲ್ಲಿ 2019ರ ಆಗಸ್ಟ್ 31ರಂದು ಪ್ರಕಟವಾದ, 19 ಲಕ್ಷಕ್ಕೂ ಹೆಚ್ಚು ಅರ್ಜಿದಾರರನ್ನು ಹೊರಗಿಟ್ಟು ಉಳಿದವರನ್ನು ಪೌರರೆಂದು ಸೇರಿಸಿದ ಅಸ್ಸಾಮಿನ ಅಂತಿಮ ಪೌರತ್ವ ಪಟ್ಟಿಯಲ್ಲಿರುವ ಅವರದೇ ಹೆಸರು. ನೀವು ಆ ದೃಶ್ಯದ ಧ್ವನಿ ತೆಗೆದು, ಕೆಳಗೆ ‘ನಕಲಿ ದಾಖಲೆ ದಂಧೆ’ ಎಂದು ಬರೆದಿರಿ. ನನ್ನ ತಾತ 1951ರಲ್ಲಿ ಎಲ್ಲಿದ್ದರೆಂದು ತೋರಿಸಲು ನನ್ನ ಬಳಿ ಒಂದು ಚೀಟಿಯೂ ಇಲ್ಲ. ನನ್ನನ್ನು ಯಾರೂ ಕೇಳುವುದೂ ಇಲ್ಲ.

ಪ್ರಸಾರವಾದ ಮೂರನೆಯ ದಿನಕ್ಕೆ ಆರೂ ಮುಸ್ಲಿಂ ಕುಟುಂಬಗಳು ಬಾಕಿ ಕೂಲಿಯನ್ನೂ ಕೇಳದೆ ಹೊರಟುಹೋದವು. ರೊಬಸ್ಟಾ ಕಾಫಿ ಹಣ್ಣಾಗಿ ಉದುರುತ್ತಿದೆ, ಆದ್ದರಿಂದ ಈ ದೂರಿನಲ್ಲಿ ನನ್ನ ಸ್ವಾರ್ಥವಿಲ್ಲವೆಂದು ನಾನು ಹೇಳಲಾರೆ. ಆದರೆ ಹಣ್ಣು ಮುಂದಿನ ವರ್ಷವೂ ಬಿಡುತ್ತದೆ. ನಮ್ಮೂರಿನ ಸರ್ಕಾರಿ ಶಾಲೆಯಲ್ಲಿ ಎರಡನೇ ತರಗತಿ ಓದುತ್ತಿದ್ದ, ಮೇಷ್ಟರಿಗೆ ಕನ್ನಡದಲ್ಲೇ ಉತ್ತರ ಕೊಡುತ್ತಿದ್ದ ಮೇಸ್ತ್ರಿಯ ಮಗಳು ಈಗ ಎಲ್ಲಿದ್ದಾಳೋ ತಿಳಿಯದು.

ಯಾವುದೇ ಧರ್ಮ ಅಥವಾ ಸಮುದಾಯದ ಮೇಲೆ ದಾಳಿ ಮಾಡುವ, ಕೋಮುಭಾವನೆ ಬೆಳೆಸುವ ಕಾರ್ಯಕ್ರಮಗಳನ್ನೂ, ಅರ್ಧಸತ್ಯ ಹಾಗೂ ಸುಳ್ಳು ಸೂಚನೆಗಳನ್ನೂ ಕೇಬಲ್ ಟೆಲಿವಿಷನ್ ಜಾಲಗಳ ನಿಯಮಗಳ 6ನೇ ನಿಯಮ ನಿಷೇಧಿಸುತ್ತದೆ. ತಬ್ಲೀಗಿ ಜಮಾತ್ ಎಂಬ ಮುಸ್ಲಿಂ ಸಂಘಟನೆಯ ಕುರಿತ ಪ್ರಸಾರಕ್ಕಾಗಿ 2021ರ ಜೂನ್‌ನಲ್ಲಿ ಸುದ್ದಿ ಪ್ರಸಾರ ಮಾನದಂಡಗಳ ಪ್ರಾಧಿಕಾರ ಎರಡು ಕನ್ನಡ ವಾಹಿನಿಗಳಿಗೆ ದಂಡ ವಿಧಿಸಿದ್ದು ನಿಮಗೆ ಮರೆತಿರಲಾರದು. ಅಕ್ರಮ ವಲಸೆ ಸುದ್ದಿಯಲ್ಲವೆಂದು ನನ್ನ ವಾದವಲ್ಲ. ಪೌರತ್ವ ಪರಿಶೀಲಿಸುವುದು ಸರ್ಕಾರದ ಕೆಲಸ. ಅದನ್ನು ಗಡ್ಡ ನೋಡಿ ತೀರ್ಮಾನಿಸುವ ಅಧಿಕಾರ ಸ್ಟುಡಿಯೋದಲ್ಲಿ ಕೂತವರಿಗಿಲ್ಲ.

ಆದ್ದರಿಂದ ಕಾರ್ಯಕ್ರಮವನ್ನು ಯೂಟ್ಯೂಬ್‌ನಿಂದ ತೆಗೆದು, ಅದೇ ರಾತ್ರಿ 9 ಗಂಟೆಯ ವೇಳೆಯಲ್ಲಿ ತಪ್ಪೊಪ್ಪಿಗೆ ಪ್ರಸಾರ ಮಾಡಬೇಕು. ಮೇಸ್ತ್ರಿ ಮಾತನಾಡಿರುವ ಮೂಲ ದೃಶ್ಯವನ್ನು ಅಳಿಸದೆ ಕಾಯ್ದಿಡಬೇಕು. ಆ ಕೇಬಲ್ ನಿಯಮಗಳ 2021ರ ತಿದ್ದುಪಡಿಯಂತೆ ಈ ದೂರಿಗೆ 24 ಗಂಟೆಯೊಳಗೆ ಸ್ವೀಕೃತಿ, 15 ದಿನಗಳೊಳಗೆ ತೀರ್ಮಾನ ತಿಳಿಸಬೇಕು. ಇಲ್ಲವಾದರೆ ನಿಮ್ಮ ಸ್ವಯಂ ನಿಯಂತ್ರಣ ಸಂಸ್ಥೆಗೆ ಮೇಲ್ಮನವಿ ಸಲ್ಲಿಸುತ್ತೇನೆ. ಆ ಹುಡುಗಿಯ ಮುಖ ಕಾಣುವ ಭಾಗವನ್ನು ಮಾತ್ರ ಹದಿನೈದು ದಿನ ಕಾಯಿಸದೆ ಇಂದೇ ತೆಗೆಯಿರಿ.

ಇತಿ ತಮ್ಮ ವಿಶ್ವಾಸಿ,
(ಸಹಿ)