ಯಕ್ಷಗಾನ ಗುರುಗಳನ್ನು ಜೂನ್‌ನಲ್ಲೇ ಕರೆಸಿ

ಮಾನ್ಯರೇ,

ಯಕ್ಷಗಾನ ಮೇಳದ, ಅಂದರೆ ತಂಡದ, ಕಲಾವಿದರು ಶಾಲೆಗೆ ಬಂದು ಹೆಜ್ಜೆ ಕಲಿಸುವುದು ನಮ್ಮ ಕರಾವಳಿಗೆ ಹೊಸತಲ್ಲ. ಉಡುಪಿಯಲ್ಲಿ ಯಕ್ಷಶಿಕ್ಷಣ ಟ್ರಸ್ಟ್, ಮಂಗಳೂರಿನ ಕಡೆ ಯಕ್ಷಧ್ರುವ ಪಟ್ಲ ಫೌಂಡೇಶನ್ ಇದನ್ನು ವ್ಯವಸ್ಥಿತವಾಗಿ ಮಾಡಿಸುತ್ತಿವೆ. ಆದರೆ ತಾವೇ ಗುರುಗಳನ್ನು ಗೊತ್ತುಮಾಡುವ ಹಲವು ಶಾಲೆಗಳಿಗೆ ಯಕ್ಷಗಾನ ನೆನಪಾಗುವುದೇ ವಾರ್ಷಿಕೋತ್ಸವಕ್ಕೆ ತಿಂಗಳು ಉಳಿದಾಗ. ಅಷ್ಟು ಹೊತ್ತಿಗೆ ಮೇಳಗಳು ತಿರುಗಾಟಕ್ಕೆ ಹೊರಟಾಗಿರುತ್ತದೆ. ರಾತ್ರಿ ವೇಷ ಮಾಡಿ ಬೆಳಿಗ್ಗೆ ಶಾಲೆಗೆ ಓಡಿಬಂದವರು ಒಂದು ಪ್ರಸಂಗದ ತುಂಡನ್ನು ಬಾಯಿಪಾಠ ಮಾಡಿಸಿಯಾರೇ ಹೊರತು ಇನ್ನೇನು ಕಲಿಸಿಯಾರು?

ಪತ್ತನಾಜೆಗೆ, ಅಂದರೆ ಮೇ 24ರ ಆಸುಪಾಸಿಗೆ, ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುತ್ತವೆ. ಮತ್ತೆ ಕಟ್ಟುವುದು ನವೆಂಬರ್ ಹೊತ್ತಿಗೆ. ಮಳೆಗಾಲದಲ್ಲಿ ಮುಂಬೈ, ಬೆಂಗಳೂರು ಎಂದು ಹೋಗುವವರನ್ನು ಬಿಟ್ಟರೆ ಉಳಿದವರು ಊರಲ್ಲೇ ಇರುತ್ತಾರೆ, ಸಂಪಾದನೆಯೂ ಆಗ ಕಡಿಮೆ. ವಾರಕ್ಕೊಮ್ಮೆ ಒಂದೂವರೆ ಗಂಟೆ ಇಟ್ಟುಕೊಂಡರೂ, ಮಳೆರಜೆ, ಪರೀಕ್ಷೆ, ದಸರಾ ರಜೆ ಕಳೆದು ಅಕ್ಟೋಬರ್ ಒಳಗೆ ಹನ್ನೆರಡು ಹದಿನಾಲ್ಕು ತರಗತಿ ಸಿಗುತ್ತದೆ.

ಮೊದಲ ಮೂರ್ನಾಲ್ಕು ತರಗತಿಗಳಲ್ಲಿ ಕಾಲೆತ್ತಿಸುವುದೇ ಬೇಡ. ಬಾಯಿತಾಳ, ಕೈತಾಳ ಸಾಕು. ನಾಲ್ಕು ಅಕ್ಷರದ ಏಕತಾಳ ಕೈಗೆ ಕೂತ ಮೇಲೆ ಏಳಕ್ಷರದ ತ್ರಿವುಡೆ. ಇಲ್ಲಿ ಮಕ್ಕಳು ಎಡವುವ ಜಾಗ ಹೆಚ್ಚಾಗಿ ಒಂದೇ: ಕೊನೆಯಲ್ಲಿ ಒಂದು ಉಸಿರು ತೆಗೆದುಕೊಂಡು ಏಳನ್ನು ಎಂಟು ಮಾಡಿಬಿಡುತ್ತಾರೆ. ಸಿನಿಮಾ ಹಾಡಿನ ನಡೆ ಕಿವಿಯಲ್ಲಿ ಅಷ್ಟು ಗಟ್ಟಿಯಾಗಿ ಕೂತಿದೆ. ಮೂರು, ನಾಲ್ಕು ಎಂದು ಬಿಡಿಸಿ ತಟ್ಟಿಸಿದರೆ ಸರಿಹೋಗುತ್ತದೆ. ಇದನ್ನು ಹಾರಿಸಿ ನೇರ ಕುಣಿತಕ್ಕೆ ಇಳಿದರೆ ಮುಂದೆ ನಿಂತವನ ಕಾಲು ನೋಡಿಕೊಂಡೇ ಉಳಿದವರು ಕುಣಿಯುತ್ತಾರೆ. ಅವನು ತಪ್ಪಿದರೆ ಸಾಲಿಗೆ ಸಾಲೇ ತಪ್ಪು.

ನೆಲವನ್ನೂ ನೋಡಬೇಕು. ಟೈಲ್ಸ್ ಹಾಸಿದ ಸಭಾಂಗಣದಲ್ಲಿ ತೆಂಕುತಿಟ್ಟಿನ ಧೀಂಗಿಣ (ಹಾರಿ ಸುತ್ತುವ ಕುಣಿತ), ಬಡಗುತಿಟ್ಟಿನ ಮಂಡಿ (ಮೊಣಕಾಲೂರಿ ಸುತ್ತುವ ಕುಣಿತ) ಎರಡನ್ನೂ ಮಾಡಿಸಬಾರದು. ಮಳೆಗಾಲದಲ್ಲಿ ಅದು ಬೆವರಿ ಜಾರುತ್ತದೆ, ಮೊಣಕಾಲಿಗೂ ಪೆಟ್ಟು. ಮರದ ವೇದಿಕೆಯೋ ಒಣಗಿದ ಮಣ್ಣಿನ ನೆಲವೋ ಸಿಗುವವರೆಗೆ ಅವನ್ನು ಮುಂದಕ್ಕೆ ಹಾಕಿ. ಬಿಸಿಯೂಟ ಮುಗಿದ ಕೂಡಲೇ ತರಗತಿ ಬೇಡ. ಒಬ್ಬ ಗುರುವಿಗೆ ಇಪ್ಪತ್ತೈದು ಮಕ್ಕಳು ಸಾಕು, ಜೊತೆಗೆ ಶಾಲೆಯ ಶಿಕ್ಷಕರೊಬ್ಬರು ಕೂತಿರಲೇಬೇಕು. ಗದ್ದಲ ನಿಲ್ಲಿಸುವುದು ಕಲಾವಿದರ ವಿದ್ಯೆಯಲ್ಲ.

ಪೆನ್‌ಡ್ರೈವ್ ಹಿಮ್ಮೇಳದ, ಅಂದರೆ ಮೊದಲೇ ಮುದ್ರಿಸಿಟ್ಟ ಹಾಡು, ವಾದ್ಯದ ಬಗ್ಗೆಯೂ ಒಂದು ಮಾತು. ಮಗು ಮಾತು ಮರೆತು ನಿಂತರೆ ಹಾಡುವ ಭಾಗವತರು ತಾಳದ ಇನ್ನೊಂದು ಆವರ್ತ ಎಳೆದು ಕಾಯುತ್ತಾರೆ, ಪೆನ್‌ಡ್ರೈವ್ ಕಾಯುವುದಿಲ್ಲ. ಖರ್ಚು ಹೆಚ್ಚೆನಿಸಿದರೆ ಕೊನೆಯ ನಾಲ್ಕು ಅಭ್ಯಾಸಕ್ಕಾದರೂ ಭಾಗವತರು, ಮದ್ದಳೆಯವರು ಬರಲಿ.

ಬಣ್ಣವನ್ನು ಹಿಂದಿನ ದಿನವೇ ಮೊಣಕೈ ಒಳಮಗ್ಗುಲಿಗೆ ಸವರಿ ನೋಡಿ. ಕೆಲವು ಮಕ್ಕಳಿಗೆ ತುರಿಕೆ ಏಳುತ್ತದೆ. ತೆಗೆಯುವಾಗ ಮೊದಲು ತೆಂಗಿನೆಣ್ಣೆ, ಆಮೇಲೆ ಸೋಪು.

ಇನ್ನು ಸಂಭಾವನೆ. ಕೊನೆಯ ದಿನ ಶಾಲು ಹೊದೆಸಿ ಹಣ್ಣಿನ ಬುಟ್ಟಿ ಕೊಟ್ಟರೆ ಬಸ್ಸಿನ ಖರ್ಚೂ ಹುಟ್ಟುವುದಿಲ್ಲ. ತಿಂಗಳ ಸಂಭಾವನೆ, ಪ್ರಯಾಣದ ಖರ್ಚು, ವೇಷಭೂಷಣದ ಬಾಡಿಗೆ ಈ ಮೂರನ್ನೂ ಬೇರೆ ಬೇರೆ ಬರೆದು ಶಾಲಾ ಆಡಳಿತ ಮಂಡಳಿಗಳು ಮೇ ತಿಂಗಳಲ್ಲೇ ತೀರ್ಮಾನಿಸಲಿ.

— ಯಕ್ಷಗಾನ ತರಬೇತುದಾರರು, ಉಡುಪಿ